ಹದಿಮೂರನೇ ಪೆಪ್ಪರಮೆಂಟು

ಡ್ರಾಯಿಂಗ್ ಮೇಷ್ಟ್ರು ಮಾಡಿದ ತಪ್ಪು ಇಷ್ಟೇ: ಗುಡಾರದ ಹಿಂದೆ ನಿಂತು ಒಂದು ಪೆಪ್ಪರಮೆಂಟು ತಿಂದರು. ಐವತ್ತೈದು ವರ್ಷದ ಮನುಷ್ಯ, ಹನ್ನೆರಡು ಸ್ಕೌಟ್ ಮಕ್ಕಳ ನಾಯಕ, ಕಳ್ಳ ಬೆಕ್ಕಿನ ಹಾಗೆ ಅತ್ತಿತ್ತ ನೋಡಿ, ಹಸಿರು ಕಾಗದ ಬಿಚ್ಚಿ ಬಾಯಿಗೆ ಹಾಕಿಕೊಂಡರು. ಕಾಗದವನ್ನು ಮಡಚಿ ಕಾಲುಚೀಲದೊಳಗೆ ತುರುಕಿದರು. ಅವರಿಗೆ ಸಕ್ಕರೆ ಕಾಯಿಲೆ. ಹೋದ ವಾರವಷ್ಟೇ ಹೆಂಡತಿಗೆ, "ಇನ್ನು ಸಿಹಿ ಮುಟ್ಟಿದ್ರೆ ಕೇಳು" ಎಂದು ಮಾತು ಕೊಟ್ಟಿದ್ದರು. ಆ ಹೆಂಡತಿಯೇ ಶಿಬಿರದ ಉಗ್ರಾಣ ನೋಡಿಕೊಳ್ಳುವವರು. ಹಣೆಬರಹ, ಇನ್ನೇನು!

ಶಿಬಿರದ ನಿಯಮ ಮಕ್ಕಳಿಗೆ ಕಲಿಸಿದ್ದು ಮೇಷ್ಟ್ರೇ. ಕಾಡಿಗೆ ತಂದದ್ದೆಲ್ಲ ವಾಪಸು ಹೋಗಬೇಕು, ತಿಂದದ್ದರ ಸಿಪ್ಪೆ ಕೂಡ. ನಾವು ಬಂದಿದ್ದೆವು ಅಂತ ಇರುವೆಗೂ ಗೊತ್ತಾಗಬಾರದು. ನಾಲ್ಕು ಗಂಟೆಗೆ ಪರೀಕ್ಷಕರು ಬಂದು ನೆಲ ನೋಡುತ್ತಾರೆ. ಒಂದು ಚೂರು ಕಸ ಸಿಕ್ಕರೂ ಇಡೀ ತಂಡಕ್ಕೆ ಬ್ಯಾಡ್ಜ್ ಇಲ್ಲ. ಹೋದ ವರ್ಷ ಒಂದೇ ಒಂದು ಕಿತ್ತಳೆ ಸಿಪ್ಪೆಯಿಂದ ಬ್ಯಾಡ್ಜ್ ಕೈತಪ್ಪಿತ್ತು. ಆ ಸಿಪ್ಪೆ ತಂಡದಲ್ಲೇ ಚಿಕ್ಕವಳಾದ ಗುಬ್ಬಿಯದು. ಅಂದಿನಿಂದ ಪಾಪ, ಆ ಹುಡುಗಿ ಶಾಲೆಯ ಅಂಗಳದಲ್ಲೂ ನೆಲ ನೋಡಿಕೊಂಡೇ ನಡೆಯುತ್ತಾಳೆ. ಈ ಸಲ ಬ್ಯಾಡ್ಜ್ ಹೊಲಿಯುವ ಜಾಗಕ್ಕೆ ಅವಳಮ್ಮ ಅಂಗಿಯ ತೋಳಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಬೇರೆ ಹಾಕಿ ಕಳಿಸಿದ್ದರು.

ಮೂರು ಗಂಟೆಗೆ ಸಾಮಾನು ಕಟ್ಟುವಾಗ ಮೇಷ್ಟ್ರ ಹೆಂಡತಿ ಪಟ್ಟಿ ಹಿಡಿದು ನಿಂತರು.

"ಗುಡಾರ ಮೂರು, ಸರಿ. ಹಗ್ಗ ಎಂಟು, ಸರಿ. ಪೆಪ್ಪರಮೆಂಟು ಹದಿಮೂರು... ಅಯ್ಯೋ, ಹನ್ನೆರಡೇ ಇದ್ಯಲ್ಲ! ಹಸಿರು ಕಾಗದದ್ದು ಎಲ್ಲಿ?"

"ನಾನಲ್ಲ ಆಂಟೀ!" "ನಾನೂ ಅಲ್ಲ!"

"ತಿಂದಿದ್ದಕ್ಕೆ ಬೈಯಲ್ಲ ಕಣ್ರೋ. ಕಾಗದ ಎಲ್ಲಿ ಹಾಕಿದ್ರಿ, ಅಷ್ಟು ಹೇಳಿ ಸಾಕು."

ಹನ್ನೊಂದು ತಲೆಗಳು ಗುಬ್ಬಿಯ ಕಡೆ ತಿರುಗಿದವು. "ಈ ಸಲ ನಾನಲ್ಲ," ಎಂದಳು ಅವಳು.

ಮೇಷ್ಟ್ರು ನಿಜ ಹೇಳಲು ಒಂದು ಹೆಜ್ಜೆ ಮುಂದಿಟ್ಟರು. ಆದರೆ ಹೆಂಡತಿಯ ಮುಖ ನೋಡಿದ್ದೇ ಆ ಹೆಜ್ಜೆ ಹಿಂದೆ ಇಟ್ಟರು. "ಎಲ್ಲೋ ಬಿದ್ದಿರತ್ತೆ, ಹುಡುಕೋಣ ಬನ್ನಿ," ಎಂದರು. ಒಂದು ಉಪಾಯ ಹೊಳೆದಿತ್ತು. ಬೂಟಿನ ದಾರ ಕಟ್ಟುವವರಂತೆ ಬಾಗಿ, ಕಾಗದವನ್ನು ಪೊದೆಯ ಬುಡದಲ್ಲಿಟ್ಟು, ಒಂದು ಸುತ್ತು ಹಾಕಿ ಬಂದು, ತಾವೇ "ಸಿಕ್ಕಿತು!" ಎನ್ನುವುದು. ಇಟ್ಟರು. ಸುತ್ತು ಹಾಕಿದರು. "ಆಹಾ!" ಎಂದು ಬಾಗಿದರೆ ಕಾಗದವೇ ಇಲ್ಲ!

ಮೇಷ್ಟ್ರು ಮಂಡಿಯೂರಿದರು. ಟೋಪಿ ಮುಳ್ಳಿಗೆ ಸಿಕ್ಕಿಕೊಂಡಿತು, ಪ್ಯಾಂಟಿನ ಮಂಡಿ ಪರ್ ಎಂದು ಹರಿಯಿತು. ಕಸ ಹಾಕಬೇಡಿ ಎಂದು ಆರು ತಿಂಗಳು ಗಂಟಲು ಹರಿದುಕೊಂಡ ಮಹಾನುಭಾವರು ಈಗ ಆ ಕಾಡಿನಲ್ಲಿ ಕಸ ಹಾಕಿದ ಒಬ್ಬರೇ ಒಬ್ಬರು.

"ರೀ, ಆ ಪೊದೆಗೆ ಯಾಕೆ ಅಡ್ಡ ಬೀಳ್ತಿದ್ದೀರಿ?" ಹೆಂಡತಿ ಕೂಗಿದರು.

"ಸೊಂಟ ಹಿಡ್ಕೊಂಡಿದೆ ಕಣೇ!"

ನಾಲ್ಕಕ್ಕೆ ಸರಿಯಾಗಿ ಪರೀಕ್ಷಕರು ಬಂದರು. ಬಿಳಿ ಮೀಸೆ, ಕೈಯಲ್ಲಿ ಭೂತಗನ್ನಡಿ. ಕಲ್ಲೆತ್ತಿ ನೋಡಿದರು, ಹುಲ್ಲು ಸರಿಸಿ ನೋಡಿದರು, ಮೇಷ್ಟ್ರು ತೆವಳಿದ್ದ ಪೊದೆಯನ್ನೂ ನೋಡಿದರು. ಏನೂ ಸಿಗಲಿಲ್ಲ. "ಭೇಷ್!" ಎಂದು ಪೆನ್ನು ತೆಗೆದರು.

ಮೇಷ್ಟ್ರ ಹೆಂಡತಿಗೆ ಸುಮ್ಮನಿರಲು ಬರಬೇಕಲ್ಲ! "ಸಾರ್, ಒಂದು ಪೆಪ್ಪರಮೆಂಟಿನ ಕಾಗದ ಸಿಕ್ಕಿಲ್ಲ."

ಪೆನ್ನು ಗಾಳಿಯಲ್ಲೇ ನಿಂತಿತು. ಆಗ ಗುಬ್ಬಿ ಮುಂದೆ ಬಂದು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಹಸಿರು ಕಾಗದ.

"ನಾನೇ ತಿಂದಿದ್ದು ಸಾರ್."

"ಕಾಗದ ಸಿಕ್ತು, ತಂಡ ಪಾಸು. ಆದ್ರೆ ಕೇಳದೆ ತಿಂದು ಮುಚ್ಚಿಟ್ಟವರಿಗೆ ಬ್ಯಾಡ್ಜ್ ಕೊಡೋಕಾಗಲ್ಲಮ್ಮ," ಎಂದು ಪರೀಕ್ಷಕರು ಹೊಡೆದುಹಾಕಲು ಪಟ್ಟಿಯಲ್ಲಿ ಅವಳ ಹೆಸರು ಹುಡುಕತೊಡಗಿದರು. ಗುಬ್ಬಿ ತೋಳಿನ ಮೇಲಿನ ಸೀಮೆಸುಣ್ಣದ ಗುರುತನ್ನು ಕೈಯಿಂದ ಮುಚ್ಚಿಕೊಂಡಳು.

ಅದನ್ನು ಮಾತ್ರ ಮೇಷ್ಟ್ರಿಂದ ನೋಡಲಾಗಲಿಲ್ಲ. "ತಡೀರಿ ಸಾರ್! ತಿಂದಿದ್ದು ನಾನು!" ಎಂದುಬಿಟ್ಟರು. ಆಮೇಲೆ ಗುಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಯಾಕೆ ಪುಟ್ಟೀ ಹಾಗೆ ಹೇಳ್ದೆ?" ಎಂದು ಕೇಳಿದರು.

"ನೀವು ಕಾಲುಚೀಲದಿಂದ ತೆಗೆದು ಪೊದೆ ಹತ್ರ ಇಟ್ಟಿದ್ದು ನೋಡ್ದೆ. ಆಂಟಿ ಬೈದ್ರೆ ನಿಮಗೆ ಅಳು ಬರತ್ತಲ್ವಾ, ಅದಕ್ಕೇ."

ಆಂಟಿ ಬೈಯುವ ಮೊದಲೇ ಮೇಷ್ಟ್ರ ಕಣ್ಣು ತುಂಬಿತು.

ಪರೀಕ್ಷಕರು ಮೀಸೆ ತಿರುವಿದರು. "ಮಕ್ಕಳು ಹನ್ನೆರಡೂ ಪಾಸು. ಮೇಷ್ಟ್ರು ಫೇಲು. ಮುಂದಿನ ಭಾನುವಾರದಿಂದ ಪುಟಾಣಿಗಳ ಜೊತೆ ಕೂತು ಮೊದಲನೇ ಪಾಠದಿಂದ ಕಲೀರಿ."

ವಾಪಸು ಹೋಗುವಾಗ ಬಸ್ಸಿನಲ್ಲಿ ಹೆಂಡತಿ ಮಕ್ಕಳಿಗೆಲ್ಲ ಪೆಪ್ಪರಮೆಂಟು ಹಂಚಿ ಬಂದು ಪಕ್ಕದಲ್ಲಿ ಕೂತರು. ಮೇಷ್ಟ್ರು ಬೈಗುಳಕ್ಕೆ ತಲೆ ತಗ್ಗಿಸಿದರು.

"ಮಕ್ಕಳು ಹನ್ನೆರಡು. ಪೆಪ್ಪರಮೆಂಟು ಹದಿಮೂರು ಯಾಕೆ ತಂದೆ ಅಂತ ಯೋಚ್ನೆ ಮಾಡಿದ್ರಾ?" ಹೆಂಡತಿಯ ದನಿ ಮೆತ್ತಗಿತ್ತು. "ಆ ಹಸಿರು ಕಾಗದದ್ದು ಸಕ್ಕರೆ ಹಾಕದ್ದು. ನಾಲ್ಕು ಅಂಗಡಿ ಸುತ್ತಿ ನಿಮಗೇ ಅಂತ ತಂದಿದ್ದೆ. ಈಗ ಎಲ್ಲರ ಜೊತೆ ಕೊಡೋಣ ಅಂತಿದ್ದೆ."

ಬಸ್ಸಿನ ತುಂಬ ಚಪ್ಪರಿಸುವ ಸದ್ದು. ಮೇಷ್ಟ್ರ ಬಾಯಿ ಮಾತ್ರ ಖಾಲಿ. ಹಿಂದಿನ ಸೀಟಿನಿಂದ ಒಂದು ಪುಟ್ಟ ಕೈ ಕೆಂಪು ಕಾಗದ ಚಾಚಿತು.

"ಮೇಷ್ಟ್ರೇ, ತಿನ್ನೋ ಹಾಗಿಲ್ಲ. ವಾಸನೆ ನೋಡಿ."

ಮೇಷ್ಟ್ರು ಕಣ್ಣು ಮುಚ್ಚಿ ಮೂಸಿದರು. ಪರಮಾನಂದವಾಯಿತು. ಮೂಸಿ, ಮಡಚಿ, ಮೆಲ್ಲಗೆ ಕಾಲುಚೀಲದ ಕಡೆ ಬಾಗಿದರು.

ಹೆಂಡತಿ ಕಿಟಕಿಯಿಂದ ಮುಖ ತಿರುಗಿಸದೆಯೇ ಕೈ ಚಾಚಿದರು. "ಇಲ್ಲಿ ಕೊಡಿ."