ಸಪ್ಪಳ ಮಾಡದ ಪ್ರಿಆಂಪ್

ನಮ್ಮ ಮನೆಗೆ ಪ್ರಿಆಂಪ್ಲಿಫೈಯರ್ ಬಂದಾಗಿನಿಂದ ದಾಂಡೇಲಿಯಲ್ಲಿ ನನ್ನ ಸಂಜೆಗಳು ಒಂದೇ ಥರ ಕಳೆದದ್ದಿಲ್ಲ. ಬಂದವರೆಲ್ಲ ಅದನ್ನು ನೋಡುತ್ತಾರೆ, ತಮಗೆ ತೋಚಿದ್ದನ್ನು ಹೇಳಿ ಚಾ ಕುಡಿದು ಹೋಗುತ್ತಾರೆ. ಆ ಮಾತು ನೆನಪಾಗಿ ಮರುದಿನ ಮಿಲ್ಲಿನಲ್ಲಿ ನಾನೊಬ್ಬನೇ ನಗುತ್ತ ನಿಂತಿರುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಹಾಡು ನುಡಿಸುವ ಯಂತ್ರ ಒಂದು ಕಡೆ ಇರುತ್ತದೆ. ಸ್ಪೀಕರಿಗೆ ಶಕ್ತಿ ತುಂಬುವ ಆಂಪ್ಲಿಫೈಯರ್ ಇನ್ನೊಂದು ಕಡೆ. ಇವೆರಡರ ನಡುವೆ ಕೂತು, ಯಾವ ಹಾಡು ಬರಬೇಕು, ಎಷ್ಟು ಜೋರಾಗಿ ಬರಬೇಕು ಎಂದು ನೋಡಿಕೊಳ್ಳುವುದೇ ಪ್ರಿಆಂಪ್. ನನ್ನದು ಹಳೆಯ ಕಾಲದ ವಾಲ್ವ್ ಇಲ್ಲದ, ಪೂರ್ತಿ ಟ್ರಾನ್ಸಿಸ್ಟರಿನದು. ಹಾಡಿಗೆ ತನ್ನದೇನನ್ನೂ ಸೇರಿಸುವುದಿಲ್ಲ, ಇದ್ದದ್ದನ್ನು ಕಳೆಯುವುದೂ ಇಲ್ಲ. ಕಾಗದದ ಮಿಲ್ಲಿನ ಗದ್ದಲದಲ್ಲಿ ದಿನವಿಡೀ ನಿಂತು ಬರುವ ನನಗೆ ಅಂಥದೊಂದು ಬೇಕೆಂದು ಬಹಳ ವರ್ಷಗಳ ಆಸೆಯಿತ್ತು. ಬೆಲೆಯ ಮಾತು ಇಲ್ಲಿ ಬೇಡ. ನಮ್ಮ ಮನೆಯಲ್ಲಿ ಕನ್ನಡ ಓದುವವರಿದ್ದಾರೆ.

ಕಾಕುವಿನ ಫ್ಯಾನು

ಅದು ಬಂದ ದಿನ ನಾನೂ ಆಟೋದವನೂ ಸೇರಿ ಪೆಟ್ಟಿಗೆಯನ್ನು ಹೆಣಗಾಡಿ ಇಳಿಸುತ್ತಿದ್ದೆವು. ಪಕ್ಕದ ಮನೆಯಾಕೆ, ನಾವೆಲ್ಲ ಕಾಕು ಎಂದು ಕರೆಯುವವರು, ಕಂಪೌಂಡಿನ ಮೇಲಿಂದ ನೋಡಿ, "ಇನ್ವರ್ಟರ್ ತಂದ್ರೇನು? ಚಲೋ ಮಾಡಿದ್ರಿ ಬಿಡ್ರಿ" ಎಂದರು. ಪೆಟ್ಟಿಗೆ ಕೈ ಜಾರುವ ಹೊತ್ತಿನಲ್ಲಿ ವಿವರಿಸುವುದು ಹೇಗೆ? ನಾನು ಸುಮ್ಮನೆ ತಲೆ ಆಡಿಸಿದೆ.

ಅದೇ ವಾರ ಒಂದು ಸಂಜೆ ಕರೆಂಟು ಹೋಯಿತು. ಕಾಕು ಕಂಕುಳಲ್ಲಿ ಟೇಬಲ್ ಫ್ಯಾನು ಇಟ್ಟುಕೊಂಡು ನಮ್ಮ ಬಾಗಿಲಿಗೆ ಬಂದರು.

"ಇದೊಂದ ಫ್ಯಾನ್ ಅಷ್ಟ ಹಚ್ಚೂಣು. ಬ್ಯಾರೆ ಏನೂ ಕೇಳೂದಿಲ್ಲ."

"ಕಾಕು, ಅದು ಇನ್ವರ್ಟರ್ ಅಲ್ಲರಿ. ಹಾಡು ಕೇಳೂ ಸಾಮಾನು."

"ಹಂಗಾರ ಹಾಡರ ಹಚ್ರಿ. ಸೆಕಿ ಮರತ ಹೋಗ್ತೈತಿ."

"ಅದಕ್ಕೂ ಕರೆಂಟ್ ಬೇಕಲ್ಲರಿ."

"ಕರೆಂಟ್ ಇದ್ದಾಗ ಇದರಾಗ ಹಾಡು ಬರ್ತಾವು, ಹೌದಿಲ್ಲೊ?"

"ಇದರಾಗ ಬರೂದಿಲ್ಲರಿ. ಆ ಸ್ಪೀಕರಿನಾಗ ಬರ್ತಾವು."

"ಅವಕ್ಕ ಶಕ್ತಿ ಕೊಡೂದು ಇದ ಏನು?"

"ಇಲ್ಲರಿ, ಅದು ಕೆಳಗಿನ ಖಾನ್ಯಾಗ ಐತೆಲ್ಲ, ಆ ಆಂಪ್ಲಿಫೈಯರು."

ಕಾಕು ಮೊಬೈಲಿನ ಟಾರ್ಚು ಹಿಡಿದು ಪ್ರಿಆಂಪನ್ನು ಹಿಂದೆ ಮುಂದೆ ನೋಡಿದರು. ನನ್ನ ಹತ್ತಿರ ಕೇಳಿ ಉಪಯೋಗವಿಲ್ಲ ಎನಿಸಿತೇನೋ, ನನ್ನ ಹೆಂಡತಿಯ ಕಡೆ ತಿರುಗಿದರು.

"ಹಂಗಾರ ಇದು ಮಾಡೂದರ ಏನವಾ?"

"ಇವರನ್ನ ಸಂಜೀಕ ಹೊರಗ ತಿರಗಾಕ ಬಿಡದ ಮನ್ಯಾಗ ಕುಂದರಸ್ತೈತ್ರಿ ಕಾಕು."

ಕಾಕು ಈಗ ಅದರ ಮುಚ್ಚಳವನ್ನು ಗೌರವದಿಂದ ಮುಟ್ಟಿ ನೋಡಿದರು. "ನಮ್ಮನೀಗೂ ಒಂದ ಹೇಳು," ಎಂದರು.

ಸ್ಟೆಪ್ನಿ

ಹಳಿಯಾಳ ರಸ್ತೆಯಲ್ಲಿ ಗ್ಯಾರೇಜು ಇಟ್ಟಿರುವ ನನ್ನ ಗೆಳೆಯರನ್ನು ಊರೆಲ್ಲ ಮಿಸ್ತ್ರಿ ಎನ್ನುತ್ತದೆ. ಜೀಪು ಬಾಗಿಲಿಗೆ ಬರುವ ಮೊದಲೇ ಸಪ್ಪಳ ಕೇಳಿ ಅದರ ರೋಗ ಹೇಳುವವರು. ಅವರ ಕಿವಿಯಿಂದ ಹೌದೆನ್ನಿಸಿಕೊಳ್ಳಬೇಕೆಂದು ಒಂದು ಭಾನುವಾರ ಮನೆಗೆ ಕರೆದೆ.

ಮೊದಲು ಹಾಡು ಹಚ್ಚದೆಯೇ ವಾಲ್ಯೂಮ್ ಪೂರ್ತಿ ಏರಿಸಿದೆ. ಬೇರೆ ಯಂತ್ರವಾದರೆ ಆಗ ಸುಸ್ ಎಂಬ ಸದ್ದು ಬರುತ್ತದೆ. ಮಿಸ್ತ್ರಿ ಸ್ಪೀಕರಿಗೆ ಕಿವಿ ಹಚ್ಚಿದರು. ಪ್ರಿಆಂಪಿಗೂ ಹಚ್ಚಿದರು. ಪಾಪ, ಅನುಕಂಪದಿಂದ ನನ್ನನ್ನು ನೋಡಿ, "ಬಂದ್ ಬಿದ್ದೈತಲ್ಲ ಭಾಯಿ," ಎಂದರು.

"ಇಲ್ಲರಿ, ಚಾಲೂ ಐತಿ."

"ಚಾಲೂ ಇದ್ರ ಇಷ್ಟ ಸುಮ್ಮ ಹೆಂಗ ಇರ್ತೈತಿ?"

ವಾಲ್ಯೂಮ್ ಇಳಿಸಿ ಒಂದು ಸಿತಾರ್ ಹಚ್ಚಿದೆ. ಎರಡು ಸ್ಪೀಕರುಗಳ ನಡುವೆ, ಏನೂ ಇಲ್ಲದ ಜಾಗದಲ್ಲಿ, ಯಾರೋ ಬಂದು ಕೂತು ತಂತಿ ಮೀಟಿದಂತಾಯಿತು. ಮಿಸ್ತ್ರಿ ಕುರ್ಚಿಯಿಂದ ಅರ್ಧ ಎದ್ದು ಆ ಜಾಗ ನೋಡಿದರು, ಮತ್ತೆ ಕೂತರು. ಹಾಡು ಮುಗಿಯಿತು. ಆಮೇಲೆ ಕರ್ಚೀಫಿನಿಂದ ಕೈ ಒರೆಸಿಕೊಂಡು ವಾಲ್ಯೂಮಿನ ಗುಂಡಿಯನ್ನು ತಾವೇ ತಿರುಗಿಸಿದರು.

"ಮಾಶಾಲ್ಲಾ. ಬೆಣ್ಣ್ಯಾಗ ಬೆರಳ ಆಡಿಸಿದಂಗ ಐತಿ. ನನ್ನ ಕಡೆ ಬರೂವು ಎಲ್ಲಾ ಒದರೂ ಗಾಡಿ ಭಾಯಿ. ಇಷ್ಟು ಕೆಲಸ ಮಾಡಿ ಇಷ್ಟು ಸುಮ್ಮ ಇರೂದು ನಾ ಇದೊಂದ ನೋಡಿದ್ದು."

ಇದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಬೇಕಿರಲಿಲ್ಲ. ಆದರೆ ಅದು ಅಲ್ಲಿಗೇ ನಿಲ್ಲಲಿಲ್ಲ. ಸ್ವಲ್ಪ ದಿನಕ್ಕೆ ಜೋಯಿಡಾದ ಕಂತ್ರಾಟುದಾರರೊಬ್ಬರು ಜೀಪು ತಂದು ನಮ್ಮ ಮನೆಯೆದುರು ನಿಲ್ಲಿಸಿದರು.

"ಮಿಸ್ತ್ರಿ ಎಂಜಿನ್ ಕೆಲಸ ಮಾಡ್ಯಾರ್ರಿ. ಗಾಡಿ ಈಗ ಒಟ್ಟ ಸಪ್ಪಳ ಮಾಡೂದಿಲ್ಲ. ಏನ್ ಹಾಕೀರಿ ಅಂತ ಕೇಳಿದ್ರ, ಪ್ರಿಆಂಪ್ ಕಂಡೀಶನ್ನಿಗೆ ತಂದೇನಿ ಅಂದ್ರು. ಅದು ನಿಮ್ಮ ಮನ್ಯಾಗ ಐತಂತ."

ಒಳಗೆ ಕರೆದು ಚಾ ಕೊಟ್ಟು, ಇದು ಗಾಡಿಗೆ ಹಾಕುವ ಸಾಮಾನಲ್ಲ ಎಂದು ಆದಷ್ಟು ತಿಳಿಸಿ ಹೇಳಿದೆ. ಅವರು ಎಲ್ಲಕ್ಕೂ ಹೌದ್ರಿ, ಹೌದ್ರಿ ಎಂದರು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ, "ಆದ್ರೂ ಒಂದ ಇದ್ರ ಕೊಡ್ರಿ. ನಮ್ಮ ಕಡೆ ಕಾಡದಾರ್ಯಾಗ ಗಾಡಿ ನಿಂತ್ರ ಯಾರೂ ಸಿಗೂದಿಲ್ಲ. ಸ್ಟೆಪ್ನಿ ಅಂತ ಇರ್ಲಿ" ಎಂದರು.

ಒಂದು ಅಭಿಪ್ರಾಯ

ಈ ಪ್ರಿಆಂಪನ್ನು ಎಂದೂ ಬಂದ್ ಮಾಡಬಾರದು, ಬಿಸಿಯಾದಷ್ಟೂ ದನಿ ಹದಕ್ಕೆ ಬರುತ್ತದೆ ಎಂಬುದು ಅದನ್ನು ಇಟ್ಟುಕೊಂಡವರೆಲ್ಲರ ನಂಬಿಕೆ. ನಾನೂ ಬಂದ್ ಮಾಡುವುದಿಲ್ಲ. ಮುಚ್ಚಳ ಸದಾ ಬೆಚ್ಚಗಿರುತ್ತದೆ.

ಒಂದು ಚಳಿಗಾಲದ ಮುಂಜಾನೆ ಎದ್ದು ಬಂದರೆ ಆ ಮುಚ್ಚಳದ ಮೇಲೆ ಟವೆಲ್ ಸುತ್ತಿದ ಸ್ಟೀಲ್ ಡಬ್ಬಿ ಕೂತಿದೆ. ನನ್ನ ಜೀವವೇ ಹಾರಿತು.

"ಏನಿದು?"

"ಥಂಡ್ಯಾಗ ಹೆಪ್ಪು ಕೂಡವಲ್ದಾಗಿತ್ತು. ಅದಕ್ಕ ಇಲ್ಲಿ ಇಟ್ಟೆ," ಎಂದಳು ಹೆಂಡತಿ.

"ಹಾಲು ಚೆಲ್ಲಿದ್ರ ಗತಿ ಏನು?"

"ಹಾಲು ಎಲ್ಲೈತ್ರಿ? ಮೊಸರಾಗೇತಿ. ಡಬ್ಬಿ ಬೋರಲ ಹಾಕಿದ್ರೂ ಚೆಲ್ಲೂದಿಲ್ಲ."

ಹೇಳಿದ್ದಷ್ಟೇ ಅಲ್ಲ, ಮುಚ್ಚಳ ತೆಗೆದು ಬೋರಲು ಹಿಡಿದು ತೋರಿಸಿದಳು, ಅದೂ ಪ್ರಿಆಂಪಿನ ನೆತ್ತಿಯ ಮೇಲೆ. ನಾನು ಕಣ್ಣು ಮುಚ್ಚಿಕೊಂಡೆ. ಮೊಸರು ಅಲುಗಲಿಲ್ಲ. ಮಧ್ಯಾಹ್ನ ಊಟಕ್ಕೆ ಹಾಕಿಕೊಂಡೆ. ನಿಜ ಹೇಳಬೇಕೆಂದರೆ ಅಂಥ ಮೊಸರು ನಾನು ತಿಂದಿರಲಿಲ್ಲ.

ಈ ಪ್ರಿಆಂಪ್ ಇದ್ದವರದೊಂದು ವಾಟ್ಸಾಪ್ ಗುಂಪಿದೆ. ಒಬ್ಬರು ದನಿಯಲ್ಲಿ ಗಾಳಿಯಾಡುತ್ತದೆ ಎಂದು ಬರೆಯುತ್ತಾರೆ. ಇನ್ನೊಬ್ಬರು ಹಾಡುವವರ ಹಿಂದಿನ ಗೋಡೆ ಕಾಣುತ್ತದೆ ಎನ್ನುತ್ತಾರೆ. ಆ ಸಂಜೆ ನಾನು ಸ್ನಾನಕ್ಕೆ ಹೋದಾಗ ಹೆಂಡತಿ ನನ್ನ ಫೋನು ತೆಗೆದು ತನ್ನದೂ ಒಂದು ಅಭಿಪ್ರಾಯ ಬರೆದಳು: "ಭಾಳ ಚಲೋ ಐತಿ. ಮೊಸರು ಗಟ್ಟಿ ಆಗ್ತೈತಿ."

ಗುಂಪಿನಿಂದ ನನ್ನನ್ನು ತೆಗೆದುಹಾಕುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ಒಬ್ಬ ಹಿರಿಯರು ಉತ್ತರಿಸಿದರು: "ದನಿಯ ಸಾಂದ್ರತೆಗೆ ಇದಕ್ಕಿಂತ ಸುಂದರವಾದ ಹೋಲಿಕೆಯನ್ನು ನಾನು ಕೇಳಿಲ್ಲ." ಅದಕ್ಕೆ ಉಳಿದವರೆಲ್ಲ ಚಪ್ಪಾಳೆಯ ಚಿತ್ರ ಹಾಕಿದರು.

ನಿಜ ಹೊಳೆದದ್ದು ಒಬ್ಬರಿಗೆ ಮಾತ್ರ. ಮುಂಡಗೋಡಿನ ದನದ ಡಾಕ್ಟರರು ನನಗೆ ಬೇರೆಯಾಗಿ ಬರೆದು ಕೇಳಿದರು: "ಎಮ್ಮಿ ಹಾಲೊ, ಆಕಳ ಹಾಲೊ?"

ಕಪ್ಪು, ಬೆಳ್ಳಿ

ಹೀಗೆ ಪರಿಚಯವಾದ ಡಾಕ್ಟರರು ಒಂದು ರಜೆಯ ದಿನ ತಮ್ಮ ಪ್ರಿಆಂಪನ್ನು ಕಾರಿನ ಸೀಟಿಗೆ ಬೆಲ್ಟು ಬಿಗಿದು ಕೂರಿಸಿಕೊಂಡು ಬಂದರು. ಅದೇ ಕಂಪನಿ, ಅದೇ ಮಾದರಿ. ಅವರದು ಕಪ್ಪು ಬಣ್ಣ, ನನ್ನದು ಬೆಳ್ಳಿ.

"ಕಪ್ಪಿನಾಗ ಆಳ ಜಾಸ್ತಿ," ಎಂದರು ಅವರು.

"ಬೆಳ್ಳ್ಯಾಗ ಸಿಹಿ ಜಾಸ್ತಿ," ಎಂದೆ ನಾನು.

ಒಳಗಿನ ಸಾಮಾನು ಒಂದೇ ಎಂಬುದು ಇಬ್ಬರಿಗೂ ಗೊತ್ತು. ಆದರೂ ಪರೀಕ್ಷೆ ಆಗಿಯೇ ಬಿಡಲಿ ಎಂದು ಇಬ್ಬರೂ ಕಣ್ಣಿಗೆ ಟವೆಲ್ ಕಟ್ಟಿಕೊಂಡು ಸ್ಪೀಕರಿನೆದುರು ಕೂತೆವು. ತಂತಿಗಳನ್ನು ಒಂದರಿಂದ ತೆಗೆದು ಇನ್ನೊಂದಕ್ಕೆ ಹಚ್ಚುವ ಕೆಲಸ ನನ್ನ ಹೆಂಡತಿಯದು. ಅವಳಿಗೆ ತೋರಿಸಿಕೊಟ್ಟಿದ್ದೆ.

ಮೊದಲು ಬೆಳ್ಳಿ. ತಬಲಾ ಕೇಳಿದೆವು. "ಸಿಹಿ ಐತಿ, ಒಪ್ಪಿದೆ," ಎಂದರು ಡಾಕ್ಟರು. ನಾನು ಕೈಯಲ್ಲಿದ್ದ ರಿಮೋಟಿನಿಂದ ಹಾಡು ನಿಲ್ಲಿಸಿ, "ಈಗ ಬದಲ್ ಮಾಡು," ಎಂದೆ. ತುಸು ಹೊತ್ತಿಗೆ ಹಿಂದಿನಿಂದ "ಆತ್ರಿ" ಎಂಬ ದನಿ ಬಂತು. ಹಾಡು ಮತ್ತೆ ಹಚ್ಚಿದೆ.

"ಈಗ ನೋಡ್ರಿ," ಎಂದರು ಡಾಕ್ಟರು. "ಎಡಗೈ ಪೆಟ್ಟು ಹೆಂಗ ನೆಲಕ್ಕ ಇಳದ ಹೊಂಟೈತಿ."

ನನಗೂ ಹಾಗೆಯೇ ಕೇಳಿಸಿತು. ಮನಸ್ಸು ಒಪ್ಪದಿದ್ದರೂ ಕಿವಿ ಒಪ್ಪಿತು. "ಕಪ್ಪಿನ ಆಳ ಖರೇನ ಬ್ಯಾರೆ," ಎಂದು ಸೋಲೊಪ್ಪಿಕೊಂಡೆ. ಡಾಕ್ಟರು ಕತ್ತಲಲ್ಲೇ ನನ್ನ ಕೈ ಹುಡುಕಿ ಕುಲುಕಿದರು. ಟವೆಲ್ ಬಿಚ್ಚಿ ತಿರುಗಿ ನೋಡಿದರೆ ಅಲ್ಲಿ ಯಾರೂ ಇಲ್ಲ. ತಂತಿಗಳೆಲ್ಲ ಬೆಳ್ಳಿಯಲ್ಲೇ ಇವೆ.

ಹೆಂಡತಿ ಅಡುಗೆಮನೆಯಿಂದ ತಟ್ಟೆ ಹಿಡಿದು ಬಂದಳು. "ಹಾಲು ಉಕ್ಕಾಕತ್ತಿತ್ತು, ಓಡಿದೆ. ಚಾ ಆತ್ರಿ ಅಂತ ಒಳಗಿಂದ ಹೇಳಿದ್ನೆಲ್ಲ, ಕೇಳಲಿಲ್ಲೇನು?"

ಡಾಕ್ಟರು ಚಾದ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದು ಗಂಭೀರವಾಗಿ ಹೇಳಿದರು: "ಏನರ ಆಗ್ಲಿ ಅಕ್ಕಾರ, ಹಾಲು ಉಕ್ಕಿದ ಮ್ಯಾಲ ತಬಲಾ ಭಾಳ ಸುಧಾರಿಸ್ತು."

ಮಾವನವರ ಭಜನೆ

ನಮ್ಮ ಅತ್ತೆಯವರ ಊರು ಸಾಂಬ್ರಾಣಿ. ತೀರಿಕೊಂಡ ಮಾವನವರು ಒಳ್ಳೆಯ ಭಜನೆಕಾರರು. ಉಳವಿಯ ಜಾತ್ರೆಗೆ ಹೋದಾಗ ಇವರು ಹಾಡಲು ಕೂತರೆ ದಾರಿಯಲ್ಲಿ ಹೋಗುವವರು ನಿಲ್ಲುತ್ತಿದ್ದರಂತೆ. ಅವರ ದನಿ ಉಳಿದಿರುವುದು ಒಂದೇ ಒಂದು ಕ್ಯಾಸೆಟ್ಟಿನಲ್ಲಿ. ಯಾರೋ ಅವರ ಮನೆಯಲ್ಲೇ ಕೂತು ಮುದ್ರಿಸಿಕೊಂಡದ್ದು. ಹಳೆಯ ಟೇಪ್ ರೆಕಾರ್ಡರಿನಲ್ಲಿ ಅದು ಕಂಬಳಿ ಹೊದ್ದುಕೊಂಡು ಹಾಡಿದಂತೆ ಕೇಳುತ್ತಿತ್ತು.

ಹಳೆಯದೊಂದು ಕ್ಯಾಸೆಟ್ ಡೆಕ್ಕು ಸಂಪಾದಿಸಿ ಪ್ರಿಆಂಪಿಗೆ ಹಚ್ಚಿದೆ. ಅತ್ತೆಯವರನ್ನು ಕರೆಸಿದೆ. ಹಳಿಯಾಳದಲ್ಲಿರುವ ಅವರ ನಾದಿನಿ, ಅಂದರೆ ಮಾವನವರ ತಂಗಿ, "ನಮ್ಮಣ್ಣನ ದನಿ ನಾನೂ ಕೇಳ್ತೇನಿ" ಎಂದು ಜೊತೆಗೆ ಬಂದರು. ಇಬ್ಬರಿಗೂ ಈಗ ವಯಸ್ಸಾಗಿದೆ. ಎದುರಿಗೆ ಬಹಳ ಮರ್ಯಾದೆ, ಹಿಂದಿನಿಂದ ಅಷ್ಟೇ ದೂರು. "ನಮ್ಮ ಅತ್ತಿಗಿ ನನಗ ಎಂದೂ ಕಡಿಮಿ ಮಾಡಿಲ್ಲ" ಎಂದು ನಾದಿನಿ ಹೇಳಿದರೆ ಅದು ಹೊಗಳಿಕೆಯೋ ಚುಚ್ಚೋ ಯಾರಿಗೂ ತಿಳಿಯುತ್ತಿರಲಿಲ್ಲ.

ಟೇಪು ಹಚ್ಚಿದೆ. ಮಾವನವರು ಕೋಣೆಯೊಳಗೆ ಬಂದು ಕೂತರು. ಸಾಲು ಸಾಲಿನ ನಡುವೆ ಅವರು ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು. ಅತ್ತೆಯವರು ಸೆರಗು ಕಣ್ಣಿಗೆ ಒತ್ತಿಕೊಂಡರು. ನಾದಿನಿ ಅವರ ಕೈ ಹಿಡಿದುಕೊಂಡರು. ಈ ಯಂತ್ರ ತಂದದ್ದು ಸಾರ್ಥಕವಾಯಿತು ಎಂದುಕೊಂಡೆ.

ಆಗ ಭಜನೆಯ ಹಿಂದೆ, ದೂರದಲ್ಲಿ, ಒಂದು ಹೆಣ್ಣು ದನಿ ಸ್ಪಷ್ಟವಾಗಿ ಹೇಳಿತು: "ಲಗೂನ ತುಪ್ಪದ ಗಿಂಡಿ ಒಳಗ ಇಡು. ನಾದಿನಿ ಬರಾಕತ್ತಾಳ."

ಅದು ಅತ್ತೆಯವರ ದನಿ. ಹರೆಯದ್ದು, ಆದರೆ ಅವರದೇ.

ನಾದಿನಿ ಹಿಡಿದಿದ್ದ ಕೈ ಬಿಟ್ಟರು. ಅತ್ತೆಯವರು ಗೋಡೆ ನೋಡಿದರು. ಆ ಮಾತು ನಾನೇ ಆಡಿದೆನೇನೋ ಎಂಬಂತೆ ಹೆಂಡತಿ ನನ್ನನ್ನು ನೋಡಿದಳು. ಇಷ್ಟು ವರ್ಷ ಹೇಗೋ ನಡೆದುಕೊಂಡು ಬಂದ ಅತ್ತಿಗೆ-ನಾದಿನಿಯರ ನಂಟು ನನ್ನ ಪ್ರಿಆಂಪಿನಿಂದ ಇವತ್ತು ಮುರಿಯಿತು ಎಂದು ನಾನು ಟೇಪು ನಿಲ್ಲಿಸಲು ಡೆಕ್ಕಿಗೆ ಕೈ ಹಾಕಿದೆ.

"ಅಳ್ಯಾರ, ಹಿಂದಕ್ಕ ತಿರುವಿ ಮತ್ತೊಮ್ಮಿ ಹಚ್ರಿ," ಎಂದರು ನಾದಿನಿ.

"ಟೇಪ್ ಹಳೇದೈತ್ರಿ, ಹರದೀತು."

"ಹರೀಲಿ. ಹಚ್ರಿ."

ಹಚ್ಚಿದೆ. ತುಪ್ಪದ ಗಿಂಡಿ ಮತ್ತೆ ಒಳಗೆ ಹೋಯಿತು. ಅತ್ತೆಯವರು ಗೋಡೆಗೆ ಹೇಳುವಂತೆ, "ಆವತ್ತು ಮನ್ಯಾಗ ತುಪ್ಪ ಇದ್ದದ್ದ ಅಷ್ಟವಾ. ನಿಮ್ಮಣ್ಣಗಂತ ಇಟ್ಟಿದ್ದೆ," ಎಂದರು.

"ಸುಮ್ಮ ಕುಂಡ್ರಿ ಅತ್ತಿಗಿ. ಮುಂದ ಕೇಳ್ರಿ."

ಭಜನೆ ಮುಂದುವರಿಯಿತು. ಸ್ವಲ್ಪ ಹೊತ್ತಿಗೆ ಹಿಂದೆ ಎಲ್ಲೋ ಟಿಣ್ ಎಂದಿತು. ಮತ್ತೆ ಟಿಣ್. ಮಾತು ಬದಲಿಸಲು ಇದೇ ಸಮಯವೆಂದು ನಾನು, "ತಾಳ ಎಷ್ಟು ಸ್ವಚ್ಛ ಕೇಳಾಕತ್ತೈತಿ ನೋಡ್ರಿ. ಇದ ಈ ಯಂತ್ರದ ಗುಣ," ಎಂದೆ.

ನಾದಿನಿ ಬಾಯಿಗೆ ಸೆರಗು ಇಟ್ಟುಕೊಂಡಿದ್ದರು. ಅಳುತ್ತಿದ್ದಾರೆಂದು ತಿಳಿದಿದ್ದೆ. ನೋಡಿದರೆ ನಗುತ್ತಿದ್ದರು, ಭುಜ ಕುಲುಕುವ ಹಾಗೆ.

"ಅದು ತಾಳ ಅಲ್ಲ ಅಳ್ಯಾರ. ಅದು ನಾನು. ಹಿತ್ತಲ ಬಾಗಲಲೆ ಒಳಗ ಹೋಗಿ ಗಿಂಡ್ಯಾಗ ಚಮಚಾ ಹಾಕೀನಿ. ಒಂದ ಹನಿ ಉಳಿಸಿದ್ದಿಲ್ಲ."

ಅತ್ತೆಯವರು ನಿಧಾನಕ್ಕೆ ಗೋಡೆಯಿಂದ ಈ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಏನೋ ದೊಡ್ಡ ಲೆಕ್ಕ ಈಗ ಕೂಡಿ ಬಂದಂತಿತ್ತು.

"ಅಯ್ಯ, ನಮ್ಮ ಬೆಕ್ಕಿನ ಕೆಲಸ ಅಂತ ಅದನ್ನ ಚೀಲದಾಗ ಹಾಕಿ ಅಷ್ಟ ದೂರ ಕೋಗಿಲಬನದ ತನಕಾ ಒಯ್ದ ಬಿಟ್ಟ ಬರಾಕ ಹಚ್ಚಿದ್ನೆಲ್ಲವಾ, ನಿಮ್ಮಣ್ಣನ್ನ."