ಬಾಗಿಲು ತೆಗೆದವರ ರಿಜಿಸ್ಟರ್

ಎಲ್ಲ ಅನರ್ಥಕ್ಕೂ ಮೂಲ ಆ ಚೀಟಿ. ಬೆಳಿಗ್ಗೆ ಒಂಬತ್ತಕ್ಕೆ ಪೊರೆ ಸಾರ್ ಅದನ್ನು ಕೆಂಪು ಶಾಯಿಯಲ್ಲಿ ಬರೆದು, ನಾಲ್ಕೂ ಮೂಲೆಗೆ ಟೇಪು ಹಚ್ಚಿ, ಇನ್‌ಕ್ಯುಬೇಟರಿನ ಬಾಗಿಲಿಗೆ ಅಂಟಿಸಿದರು: "ಸಂಜೆ ನಾಲ್ಕರವರೆಗೆ ಈ ಬಾಗಿಲು ಮುಟ್ಟಿದವರ ಕೈ ಮುರಿಯುತ್ತೇನೆ."

ಇನ್‌ಕ್ಯುಬೇಟರ್ ಎಂದರೆ ಜೀವಕೋಶಗಳನ್ನು ಮೂವತ್ತೇಳು ಡಿಗ್ರಿಯಲ್ಲಿ ಬೆಚ್ಚಗಿಟ್ಟು ಸಾಕುವ ಪೆಟ್ಟಿಗೆ. ಅದರೊಳಗೆ ಇದ್ದದ್ದು ಅಂಗೈಯಗಲದ ಒಂದೇ ಒಂದು ಗಾಜಿನ ತಟ್ಟೆ. ಬೇರೆಯವರ ತಟ್ಟೆಗಳನ್ನೆಲ್ಲ ಪೊರೆ ಸಾರ್ ಹಿಂದಿನ ದಿನವೇ ಜಗಳವಾಡಿ ಖಾಲಿ ಮಾಡಿಸಿದ್ದರು.

ಕೋಶದ ಒಳಗೆ ತಯಾರಾದ ಸರಕು ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿಕೊಂಡು ಹೊರಗಿನ ಪೊರೆಯವರೆಗೆ ಹೇಗೆ ಹೋಗಿ ಸೇರುತ್ತದೆ ಎಂಬುದು ಅವರ ಸಂಶೋಧನೆ. ಅದಕ್ಕೇ ಅವರಿಗೆ ಆ ಹೆಸರು. ಸರಕಿಗೆ ಹಸಿರಾಗಿ ಹೊಳೆಯುವ ಬಣ್ಣ ಹಚ್ಚಿ ಮೂರು ವರ್ಷದಿಂದ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಕೂತಿದ್ದರು. ಚೀಲಗಳೋ, ಒಂದು ಈಗ ಹೊರಟರೆ ಇನ್ನೊಂದು ಯಾವಾಗಲೋ. ಕಂಡದ್ದು ಬರೀ ಹಸಿರು ಮಬ್ಬು. ಇವತ್ತು ನಾಲ್ಕಕ್ಕೆ ಹೊರಗಿನಿಂದ ತಜ್ಞೆಯೊಬ್ಬರು ಬರುತ್ತಾರೆ. ಸಾಗಾಟ ಕಣ್ಣಿಗೆ ಕಂಡರೆ ಕೆಲಸ ಮುಂದುವರಿಯುತ್ತದೆ. ಕಾಣದಿದ್ದರೆ ಕೆಲಸಕ್ಕೆ ಮಂಗಳ, ಕೋಣೆ ಪಕ್ಕದ ಪಾಚಿ ಮೇಡಂಗೆ. ಆಕೆ ಪಾಚಿ ಬೆಳೆಸುವ ತೊಟ್ಟಿ ಇಡಲೆಂದು ಹೋದ ವಾರವೇ ಬಂದು ಗೋಡೆ ಅಳೆದುಕೊಂಡು ಹೋಗಿದ್ದರು. ಅದನ್ನು ನೆನೆದಾಗಲೆಲ್ಲ ಪೊರೆ ಸಾರ್‌ಗೆ ಮೈ ಉರಿಯುತ್ತಿತ್ತು.

ಒಂಬತ್ತೂ ನಲವತ್ತಕ್ಕೆ ಅವರು ಮಹಡಿಯ ಕೋಣೆಯಿಂದ ಇಳಿದು ಬಂದರೆ, ಅದೇ ಪಾಚಿ ಮೇಡಂ ಬಾಗಿಲು ಹಾರುಹೊಡೆದು ಒಳಗೆ ಇಣುಕುತ್ತಿದ್ದಾರೆ!

"ಏನ್ ಮಾಡ್ತಿದ್ದೀರ್ರೀ?"

"ಕೈ ಮುರೀತೀನಿ ಅಂತ ಬರೆದಿದ್ದೀರಲ್ಲ ಸಾರ್, ಅಂಥದ್ದೇನಪ್ಪ ಇಟ್ಟಿದ್ದಾರೆ ಅಂತ ನೋಡ್ದೆ. ಒಂದ್ ತಟ್ಟೆಗೆ ಇಷ್ಟೊಂದು ಗಲಾಟೆನಾ?"

"ಕಣ್ಣು ಕಾಣಲ್ವಾ ನಿಮಗೆ?"

"ರಿಜಿಸ್ಟರ್‌ನಲ್ಲಿ ಬರ್ದಿದ್ದೀನಿ ಸಾರ್. ನಿಮ್ಮದೇ ರೂಲು."

ಅದೂ ನಿಜ. ಬಾಗಿಲಿಗೆ ದಾರ ಕಟ್ಟಿ ತೂಗುಹಾಕಿದ್ದ ಆ ರಿಜಿಸ್ಟರ್ ಪೊರೆ ಸಾರ್ ತಂದ ಕಾನೂನು. ಬಾಗಿಲು ತೆಗೆದವರು ಎಷ್ಟು ಹೊತ್ತಿಗೆ ತೆಗೆದರು, ಎಷ್ಟು ಹೊತ್ತಿಗೆ ಮುಚ್ಚಿದರು, ಒಳಗಿನ ಬಿಸಿ ಎಷ್ಟಕ್ಕಿಳಿಯಿತು, ಯಾಕೆ ತೆಗೆದರು, ಎಲ್ಲ ಬರೆಯಬೇಕು. ಪಾಚಿ ಮೇಡಂ ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: "ಕಾರಣ – ಸುಮ್ಮನೆ."

ಪೊರೆ ಸಾರ್ ಹಲ್ಲು ಕಡಿದು, ಚೀಟಿಯ ಕೆಳಗೆ "ಸುಮ್ಮನೆಯೂ ಮುಟ್ಟಬಾರದು" ಎಂದು ಸೇರಿಸಿ ಮೇಲೆ ಹೋದರು. ಊರಿಗೆಲ್ಲ ಡಂಗುರ ಹೊಡೆದಂತಾಯಿತು. ಅಲ್ಲಿಯವರೆಗೆ ಆ ಪೆಟ್ಟಿಗೆಯತ್ತ ತಿರುಗಿಯೂ ನೋಡದಿದ್ದ ಜನಕ್ಕೆ ಅದರ ಮುಂದೆಯೇ ಕೆಲಸ ಹುಟ್ಟಿಕೊಂಡಿತು.

ಹತ್ತೂಕಾಲಕ್ಕೆ ಉಗ್ರಾಣದವರು ಬಂದರು. ವರ್ಷಕ್ಕೊಮ್ಮೆ ಸಾಮಾನುಗಳ ನಂಬರು ಸರಿನೋಡುವ ಕೆಲಸ ಅವರದು. ಈ ಪೆಟ್ಟಿಗೆಯ ನಂಬರನ್ನು ಯಾವ ಪುಣ್ಯಾತ್ಮನೋ ಒಳಗಿನ ಗೋಡೆಗೆ ಅಂಟಿಸಿದ್ದ. ಅವರು ಬಾಗಿಲು ತೆಗೆದು, ಜೇಬಿನಲ್ಲಿ ಕನ್ನಡಕ ಹುಡುಕಿ, ಅದು ಅಲ್ಲಿಲ್ಲದೆ ತಮ್ಮ ಕೋಣೆಗೆ ಹೋಗಿ ತಂದು, ಒರೆಸಿ, ನಂಬರು ಓದಿದರು. ಅಷ್ಟು ಹೊತ್ತೂ ಬಾಗಿಲು ಹಾಗೇ ಇತ್ತು. ಆಮೇಲೆ ಶಿಸ್ತಾಗಿ ರಿಜಿಸ್ಟರ್ ತುಂಬಿದರು.

ತಣ್ಣಗಾದ ಪೆಟ್ಟಿಗೆ ಕೀಂ ಕೀಂ ಎಂದು ಅಳತೊಡಗಿತು. ಸದ್ದು ಕೇಳಿ ಓಡಿಬಂದ ಎಲೆಕ್ಟ್ರಿಷಿಯನ್ ಸ್ವಿಚ್ಚನ್ನೇ ಆರಿಸಿಬಿಟ್ಟ. ಸದ್ದು ನಿಂತಿತು. ಸಮಸ್ಯೆ ಬಗೆಹರಿಯಿತೆಂದು ಆಚೆ ಹೋಗಿ ಚಹಾ ಕುಡಿದು ಬಂದು ಮತ್ತೆ ಹಾಕಿದ. ಅವನೂ ಬರೆದ: "ಕಾರಣ – ಕಿರಿಕಿರಿ."

ಪೊರೆ ಸಾರ್ ಕೆಳಗಿಳಿದು ಆ ಪುಟ ಓದುವಾಗ ಹನ್ನೊಂದು ದಾಟಿತ್ತು. ಪಿತ್ತ ನೆತ್ತಿಗೇರಿತು. ತಟ್ಟೆ ಜೀವಂತ ಇದೆಯೋ ಇಲ್ಲವೋ ಎಂದು ಬಾಗಿಲು ಎಳೆದರು, ಇದೆ ಎಂದು ಕಂಡಿತು, ತೆಗೆದ ಬಾಗಿಲನ್ನು ಹಿಡಿದುಕೊಂಡೇ ಗಂಟಲು ಬಿಚ್ಚಿದರು. ಆ ಕೂಗಿಗೆ ಪಾಚಿ ಮೇಡಂ ಸೇರಿ ಮೂವರೂ ಬಂದು ನಿಂತರು.

"ಬುದ್ಧಿ ಇದೆಯೇನ್ರೀ ನಿಮಗೆ? ಮೂರ್ ವರ್ಷದ ಬಾಳು ನಂದು ಇದರಲ್ಲಿ! ನಂಬರಂತೆ, ಕಿರಿಕಿರಿಯಂತೆ!"

"ಬರ್ದಿದ್ದೀವಲ್ಲ ಸಾರ್," ಎಂದರು ಉಗ್ರಾಣದವರು ಸಮಾಧಾನವಾಗಿ.

"ಬಿಸಿ ಎಷ್ಟಿತ್ತು ಅಂತಾನೂ ಬರ್ದಿದ್ದೀನಿ," ಎಂದ ಎಲೆಕ್ಟ್ರಿಷಿಯನ್.

ಅಷ್ಟೇ ಸಾಕಾಯಿತು. ಪೊರೆ ಸಾರ್ ರಿಜಿಸ್ಟರನ್ನು ದಾರ ಸಮೇತ ಕಿತ್ತು, ಚೂರುಚೂರು ಹರಿದು, ಹಳೆಯ ತಟ್ಟೆಗಳನ್ನು ನೆನೆಹಾಕುವ ಬ್ಲೀಚಿಂಗ್ ನೀರಿನ ಬಕೆಟ್ಟಿಗೆ ಎಸೆದರು.

"ಬರೀರಿ ಈಗ! ಇನ್ಮೇಲೆ ನಿಮ್ಮ ಮುಖ ಈ ಕೋಣೇಲಿ ಕಂಡ್ರೆ ನೋಡಿ! ಅಯೋಗ್ಯರಾ!"

ಇಂಥ ಮಾತು ಇನ್ನೂ ಬಹಳ ಹೊತ್ತು ನಡೆಯಿತು. ಬೈದಷ್ಟು ಹೊತ್ತೂ ಬಾಗಿಲು ತೆರೆದೇ ಇತ್ತು. ಮೂವರೂ ಹೊರಟುಹೋದರು. ಮಧ್ಯಾಹ್ನದ ಊಟಕ್ಕೂ ಹೋಗದೆ ಪೊರೆ ಸಾರ್ ಪೆಟ್ಟಿಗೆಯ ಮುಂದೆ ಸ್ಟೂಲು ಹಾಕಿ ಕಾವಲು ಕೂತರು. ಬೈದು ಬೈದು ದನಿ ಕಟ್ಟಿಹೋಗಿತ್ತು.

ನಾಲ್ಕಕ್ಕೆ ತಜ್ಞೆ ಬಂದರು, ಜೊತೆಗೆ ನಿರ್ದೇಶಕರು. ಪೊರೆ ಸಾರ್ ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಕಣ್ಣುಮುಚ್ಚಿ ನಿಂತರು.

"ಅಬ್ಬಾ!" ಎಂದರು ತಜ್ಞೆ.

ಪರದೆಯ ಮೇಲೆ ಮಬ್ಬಿನ ಸುಳಿವೇ ಇಲ್ಲ. ಕೋಶದ ನಡುವಿನಿಂದ ಹಸಿರು ಚೀಲಗಳು ಶಾಲೆ ಬಿಟ್ಟ ಮಕ್ಕಳಂತೆ ಒಟ್ಟಿಗೇ ಹೊರಟು, ಪೊರೆಯನ್ನು ಮುಟ್ಟಿ, ಫಳ್ಳನೆ ಹೊಳೆದು ಕರಗುತ್ತಿದ್ದವು. ಪೊರೆ ಸಾರ್ ಅತ್ತೇಬಿಟ್ಟರು.

"ಎಲ್ಲಾ ಒಟ್ಟಿಗೆ ಹೊರಡೋ ಹಾಗೆ ಹೇಗೆ ಮಾಡಿದ್ರಿ? ಮಧ್ಯೆ ತಣ್ಣಗೆ ಮಾಡಿದ್ರಾ?" ಎಂದು ತಜ್ಞೆ ಕೇಳಿದರು. "ತಣ್ಣಗಾದ್ರೆ ಸಾಗಾಟ ನಿಂತು ಸರಕೆಲ್ಲ ಒಂದೇ ಕಡೆ ಸೇರುತ್ತೆ. ಬಿಸಿಯಾದ್ರೆ ಒಟ್ಟಿಗೆ ಹೊರಡುತ್ತೆ. ಆದ್ರೆ ಅಳತೆ ಸ್ವಲ್ಪ ತಪ್ಪಿದ್ರೂ ಇಷ್ಟು ಚೆನ್ನಾಗಿ ಬರಲ್ಲ. ಯಾವಾಗ, ಎಷ್ಟು ಹೊತ್ತು, ಎಷ್ಟು ಡಿಗ್ರಿ? ಲೆಕ್ಕ ಇಟ್ಟಿದ್ದೀರಲ್ಲ?"

ನಿರ್ದೇಶಕರು ಹೆಮ್ಮೆಯಿಂದ ಹೇಳಿದರು: "ಇಲ್ದೆ ಇರ್ತಾರಾ? ರಿಜಿಸ್ಟರ್ ವಿಷಯದಲ್ಲಿ ನಮ್ಮ ಸಾರ್ ಬಲು ಕಟ್ಟುನಿಟ್ಟು!"

ಪೊರೆ ಸಾರ್ ಬಕೆಟ್ಟಿನತ್ತ ನೋಡಿದರು. ಮೊಣಕಾಲೂರಿ ಕೈಹಾಕಿ ಒಂದೊಂದೇ ಚೂರು ಎತ್ತಿದರು. ಬ್ಲೀಚಿಂಗ್ ನೀರು ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿತ್ತು. ಒಂದು ಅಕ್ಷರವೂ ಉಳಿದಿರಲಿಲ್ಲ.

"ಒಂದ್ಸಲ ಬಂದದ್ದು ಅದೃಷ್ಟ," ಎಂದರು ತಜ್ಞೆ. "ನಾಳೆ ನಾಲ್ಕಕ್ಕೆ ಇನ್ನೊಂದ್ಸಲ ತೋರಿಸಿ. ಆಗದಿದ್ರೆ ಕ್ಷಮಿಸಿ, ಕೆಲಸ ನಿಲ್ಲಿಸೋಕೆ ಬರೀಬೇಕಾಗುತ್ತೆ."

ಪೊರೆ ಸಾರ್ ಓಡಿದರು. ಉಗ್ರಾಣದವರ ಕೋಣೆಯಲ್ಲಿ ಕಟ್ಟಿದ ದನಿಯಲ್ಲೇ ಕೈಮುಗಿದರು.

"ಅಣ್ಣಾ, ಬೆಳಿಗ್ಗೆ ಬಾಗಿಲು ಎಷ್ಟು ಹೊತ್ತು ತೆಗ್ದಿಟ್ಟಿದ್ರಿ?"

"ಯಾವ ಬಾಗಿಲು? ನಾನು ಆ ಕಡೆ ತಲೆ ಹಾಕಿಯೂ ಮಲಗಲ್ಲ ಸಾರ್. ಅಯೋಗ್ಯ ನೋಡಿ ನಾನು."

ಎಲೆಕ್ಟ್ರಿಷಿಯನ್ ಚಹಾದ ಲೋಟ ಕೆಳಗಿಡಲೂ ಇಲ್ಲ. "ನಾನು ಸ್ವಿಚ್ಚೇ ಮುಟ್ಟಿಲ್ಲ ಸಾರ್. ಬೇಕಾದ್ರೆ ರಿಜಿಸ್ಟರ್ ನೋಡ್ಕೊಳ್ಳಿ."

ಹೋಗಲಿ, ತಾವೇ ಬಾಗಿಲು ಹಿಡಿದು ಎಷ್ಟು ಹೊತ್ತು ಬೈದಿರಬಹುದು? ಸಿಟ್ಟಿನಲ್ಲಿ ಗಡಿಯಾರ ನೋಡಿದವರು ಯಾರು! ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ? ಇವತ್ತು ಅವರಿಗೆ ಇಡೀ ಜಗತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ತಮ್ಮ ಮೇಲೆಯೇ.

ವಾಪಸು ಬಂದು ಹಳೆಯ ಚೀಟಿ ಕಿತ್ತು, ಹೊಸದು ಬರೆದು ಅಂಟಿಸಿದರು: "ದಯವಿಟ್ಟು ನಾಳೆಯೂ ಇವತ್ತಿನಂತೆಯೇ ಬಾಗಿಲು ತೆಗೆದು ಸಹಕರಿಸಿ."

ಸಂಜೆ ಮನೆಗೆ ಹೊರಟ ಜನ ಒಬ್ಬೊಬ್ಬರಾಗಿ ಅದನ್ನು ಓದಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮುಂದೆ ಸಾಗಿದರು. ಕೊನೆಯಲ್ಲಿ ಪಾಚಿ ಮೇಡಂ ಬಂದರು. ನಿಂತು, ನಿಧಾನವಾಗಿ ಓದಿದರು. ಪೊರೆ ಸಾರ್ ಆಸೆಯಿಂದ ಎದ್ದುನಿಂತರು.

"ನೀವಾದ್ರೂ ತೆಗೀರಿ ಮೇಡಂ. ಸುಮ್ಮನೆ."

"ಅಯ್ಯೋ ಬೇಡಪ್ಪ," ಎಂದರು ಪಾಚಿ ಮೇಡಂ. "ಕೈ ಮುರಿದ್ರೆ ನಾಡಿದ್ದು ತೊಟ್ಟಿಗಳನ್ನ ಹೊತ್ತು ತರೋರು ಯಾರು?"