ನಾಲ್ಕು ತಾಲ್ಲೂಕು ತುಳಿದ ಟೈಲರ್

ನನ್ನ ಗೆಳೆಯನಿಗೆ ಸೋಲು ಎಂದರೇನೆಂದೇ ಗೊತ್ತಿಲ್ಲ. ಅದೇನೋ ದೊಡ್ಡ ಗುಣವೆಂದು ತಿಳಿಯಬೇಡಿ! ಸೋತದ್ದು ಅವನ ಗಮನಕ್ಕೆ ಬರುವುದಿಲ್ಲ, ಅಷ್ಟೇ. ಹುಣಸೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಈ ಮಹಾನುಭಾವ, ಷರಟಿನ ತೋಳು ಗಿಡ್ಡವಾಯಿತೆಂದು ಜಗಳಕ್ಕೆ ಬಂದ ಗಿರಾಕಿಗೆ "ನಿಮ್ ಕೈ ಉದ್ದ ಆಗೈತೆ ಸಾ" ಎಂದು ಹೇಳಿ ಒಪ್ಪಿಸಿ ಕಳಿಸಿದವನು. ಇಂಥವನ ಕೈಗೆ ನಾನು ಸಿಕ್ಕಿಬಿದ್ದದ್ದು ತೊಂಬತ್ತರ ದಶಕದ ಕೊನೆಯಲ್ಲಿ.

ಆಗ ನಾನು ಹನಗೋಡಿನ ಕಡೆಯ ನಮ್ಮ ಹಳ್ಳಿಯಲ್ಲೇ ಮೇಷ್ಟ್ರು. ಮಕ್ಕಳು ನೆಲದ ಮೇಲೆ ಕೂತು ಓದುತ್ತಿದ್ದರು. ಮಳೆಗಾಲದಲ್ಲಿ ನೆಲ ತೇವವಾದಾಗ ಗೋಣಿಚೀಲ ಹಾಸಿಕೊಳ್ಳುತ್ತಿದ್ದರು. ಬೆಂಚಿಗಾಗಿ ನಾನು ಬರೆದ ಅರ್ಜಿಗಳು ಮಾತ್ರ ಯಾವುದೋ ಆಫೀಸಿನ ಕಪಾಟಿನಲ್ಲಿ ಬೆಚ್ಚಗೆ ಕೂತಿದ್ದವು! ಒಂದು ದಿನ ಇದನ್ನು ಗೆಳೆಯನ ಮುಂದೆ ತೋಡಿಕೊಂಡೆ. ಅವನು ಕತ್ತರಿ ಕೆಳಗಿಟ್ಟು, ಹತ್ತಿರದ ಮರ ಕೊಯ್ಯುವ ಸಾಮಿಲ್ಲಿಗೆ ಹೋಗಿ, ಅದರ ಮಾಲೀಕರ ಜೊತೆ ಪಂಥ ಕಟ್ಟಿಯೇ ಬಂದ. ನಾವಿಬ್ಬರೂ ಹುಣಸೂರಿನಿಂದ ಹೊರಟು, ಕೆ.ಆರ್. ನಗರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳನ್ನು ಒಂದೇ ಹಗಲಲ್ಲಿ ಸೈಕಲ್ ಮೇಲೆ ಸುತ್ತಿ, ಸಂಜೆ ಮಿಲ್ಲಿನ ಸೈರನ್ ಕೂಗುವುದರೊಳಗೆ ವಾಪಸ್ ಬರಬೇಕು. ದಾರಿಯಲ್ಲಿ ಸಿಗುವ ಬಸ್‌ಸ್ಟ್ಯಾಂಡುಗಳಲ್ಲಿ, ಬಸ್ಸಿನವರ ಹಾಗೆ, ಕಂಟ್ರೋಲರ್ ಹತ್ತಿರ ಟೈಮು ಬರೆಸಬೇಕು. ಗೆದ್ದರೆ ಇಡೀ ಶಾಲೆಗೆ ಬೆಂಚು. ಸೋತರೆ ಗೋಣಿಚೀಲವೇ ಗತಿ.

"ನನ್ನ ಒಂದ್ ಮಾತು ಕೇಳ್ಬಾರದಾಗಿತ್ತೇನ್ಲಾ?" ಎಂದು ರೇಗಿದೆ.

"ಕೇಳಿದ್ರೆ ನೀನು ಬ್ಯಾಡ ಅಂತಿದ್ದೆ. ಅದ್ಕೇ ಕೇಳ್ನಿಲ್ಲ ಕಣ್ಲಾ."

ತಾಲೀಮು ಶುರುವಾಯಿತು. ಎಲ್ಲಿ ಅಂತೀರಿ? ಅವನ ಹೊಲಿಗೆ ಮಿಷನ್ನಿನ ಮೇಲೆ! "ಇಪ್ಪತ್ ವರ್ಸದಿಂದ ದಿನಾ ತುಳೀತಾ ಇವ್ನಿ. ಮಿಷನ್ನು ನೆಲ ಬುಟ್ಟು ಏಳಲ್ಲ, ಇಲ್ದಿದ್ರೆ ಇಷ್ಟೊತ್ಗೆ ಡೆಲ್ಲಿ ದಾಟ್ಬುಡ್ತಿದ್ದೆ. ತಾಲೀಮು ಬೇಕಾಗಿರಾದು ನಿನ್ ಕಾಲಿಗೆ" ಎಂದು ನನ್ನನ್ನೇ ಕೂರಿಸಿದ. ನಾನು ಬೆವರು ಸುರಿಸಿಕೊಂಡು ತುಳಿಯುವುದು, ಅವನು ಪಕ್ಕದಲ್ಲಿ ನಿಂತು ಸೂಜಿಯ ಕೆಳಗೆ ಬಟ್ಟೆ ತಳ್ಳುವುದು. ವಾರ ಕಳೆಯುವಷ್ಟರಲ್ಲಿ ನನ್ನ ತೊಡೆ ಗಟ್ಟಿಯಾಯಿತೋ ಇಲ್ಲವೋ, ಅವನಿಗೆ ಬಾಕಿಯಿದ್ದ ಲಂಗಗಳೆಲ್ಲ ಹೊಲಿದು ಮುಗಿದವು.

ಆಮೇಲೆ ರಸ್ತೆಗಿಳಿದೆವು. ನಮ್ಮ ಸೀಮೆಯಲ್ಲಿ ಗುರುತಿನವರು ಕಂಡರೆ "ಬನ್ನಿ, ಊಟ ಮಾಡ್ಕಂಡ್ ಓಗಿ" ಎನ್ನುವುದು ವಾಡಿಕೆ. "ಈಗ್ತಾನೇ ಆಯ್ತು" ಎಂದು ಮುಂದಕ್ಕೆ ಹೋಗುವುದೂ ವಾಡಿಕೆಯೇ. ನನ್ನ ಗೆಳೆಯನಿಗೆ ಇದರ ಮೊದಲರ್ಧ ಮಾತ್ರ ಗೊತ್ತು! ಕರೆದ ಕಡೆಯೆಲ್ಲ ಇಳಿದ. ಅವನ ಕೈಯಲ್ಲಿ ಬಟ್ಟೆ ಹೊಲಿಸಿಕೊಳ್ಳದ ಊರೇ ಇಲ್ಲವಾದ್ದರಿಂದ ಕರೆಯುವವರಿಗೂ ಬರವಿಲ್ಲ. ಒಂದು ಭಾನುವಾರ ಕೆ.ಆರ್. ನಗರಕ್ಕೆಂದು ಹೊರಟವರು ಆರು ಮನೆಯಲ್ಲಿ ಉಂಡು, ಏಳನೆಯ ಮನೆಯಲ್ಲಿ ಮಲಗಿ, ಕೆ.ಆರ್. ನಗರ ನೋಡದೆಯೇ ಹಿಂದಿರುಗಿದೆವು. ತಿಂಗಳಲ್ಲಿ ಅವನ ಪ್ಯಾಂಟಿನ ಸೊಂಟವನ್ನು ಅವನೇ ಎರಡು ಸಲ ಬಿಚ್ಚಿ ಸಡಿಲ ಮಾಡಿಕೊಂಡ. "ತಾಲೀಮಿನಿಂದ ಮೈ ಕಟ್ಬೇಕು ಕಣ್ಲಾ. ಕಟ್ತಾ ಐತೆ" ಎಂದ.

ನಾನು ಕೂಗಾಡಿದ ಮೇಲೆ ಅವನೊಂದು ಉಪಾಯ ಮಾಡಿದ. ದಾರಿಯ ಊರೂರಿಗೂ ಹೋಗಿ, "ಇಂಥಾ ದಿನ, ಇಷ್ಟೊತ್ಗೆ ಬತ್ತೀವಿ. ದಯ್ವಿಟ್ಟು ಯಾರೂ ಊಟಕ್ಕೆ ಕರೀಬ್ಯಾಡಿ" ಎಂದು ಕೈ ಮುಗಿದು ಬಂದ. ಇದರ ಪರಿಣಾಮವನ್ನು ನೀವೇ ಊಹಿಸಿಕೊಳ್ಳಿ! ಪಂಥದ ದಿನ ಯಾರೂ ಕರೆಯಲಿಲ್ಲ, ಮಾತಿಗೆ ತಪ್ಪದ ಜನ. ಟೈಮು ಗೊತ್ತಿತ್ತಲ್ಲ, ತಟ್ಟೆ ಹಿಡಿದು ರಸ್ತೆಗೇ ಬಂದು ನಿಂತಿದ್ದರು.

ಸಾಲಿಗ್ರಾಮದಲ್ಲಿ ಅವನ ಸ್ವಂತ ಅಕ್ಕನೇ ಅಡ್ಡ ಬಂದರು.

"ಅಕ್ಕಾ, ಇವತ್ತು ಇಳಿಯಾಕಾಗಲ್ಲ!"

"ಇಳೀಬ್ಯಾಡ ಕಣಪ್ಪ, ಬಾಯಿ ತಗಿ!" ಎಂದು ಆಕೆ ಸೀರೆ ಎತ್ತಿಕಟ್ಟಿ ಸೈಕಲ್ ಪಕ್ಕದಲ್ಲೇ ಓಡಿಬಂದು ಕಜ್ಜಾಯ ತುರುಕಿದರು. ನನಗೂ ಒಂದು ಸಿಕ್ಕಿತು, ಅರ್ಧ ಮೂಗಿಗೆ ಹೋಯಿತು. ಹನಗೋಡಿನಲ್ಲಿ ಒಬ್ಬರು ಮುದ್ದೆಯನ್ನೇ ತಂದಿದ್ದರು. "ಸೈಕಲ್‌ಗೆ ಇದ್ಕಿಂತ ಒಳ್ಳೇ ಊಟ ಇಲ್ಲ ಕಣ್ಲಾ. ಅಗಿಯಂಗಿಲ್ಲ, ನುಂಗ್ತಾ ತುಳಿ" ಎಂದ ನನ್ನ ಗೆಳೆಯ. ಒಂದು ಸಲವೂ ಅವನು ಇಳಿಯಲಿಲ್ಲ. ಕಂಟ್ರೋಲರುಗಳು ಕಿಟಕಿಯಿಂದ ಕೈ ಚಾಚಿಯೇ ಅವನಿಗೆ ಟೈಮು ಬರೆದುಕೊಡಬೇಕಾಯಿತು.

ಎಚ್.ಡಿ. ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟ್ ಮುಟ್ಟುವಷ್ಟರಲ್ಲಿ ನನ್ನ ಮೀನಖಂಡ ಹಿಡಿದುಕೊಂಡಿತು. ಅಂಗಡಿ ಕಟ್ಟೆಯ ಮೇಲೆ ಕೂತುಬಿಟ್ಟೆ. ಬಿಸಿಲು ಆಗಲೇ ಇಳಿಯುತ್ತಿತ್ತು. "ನನ್ ಕೈಲಾಗಲ್ಲ, ನೀನ್ ಓಗು" ಎಂದೆ. ಇಬ್ಬರೂ ಒಟ್ಟಿಗೆ ಮುಟ್ಟದಿದ್ದರೆ ಬೆಂಚಿಲ್ಲವೆಂದು ಗೊತ್ತಿದ್ದೂ ಹಾಗಂದೆ.

ಆಗ ಆ ದಿನ ಮೊದಲ ಸಲ ಅವನು ಸೈಕಲ್‌ನಿಂದ ಇಳಿದ. ನನ್ನ ಕಾಲು ಗಸಗಸ ಉಜ್ಜಿದ. "ನಿನ್ ಕಾಲು ಅಂತ ಯಾಕ್ ತಿಳ್ಕಂಡೀಯೆ? ಇವತ್ತೊಂದಿನ ಅವು ಇಸ್ಕೂಲ್ ಕಾಲು. ಎದ್ದೇಳು" ಎಂದ. ತನ್ನ ಟವೆಲ್ಲನ್ನು ನನ್ನ ಹ್ಯಾಂಡಲ್ಲಿಗೂ ತನ್ನ ಕ್ಯಾರಿಯರ್ರಿಗೂ ಬಿಗಿದು, ಹುಣಸೂರಿನವರೆಗೂ ಎಳೆದುಕೊಂಡೇ ಬಂದ. ನಾವು ಮಿಲ್ಲಿನ ಗೇಟು ದಾಟಿದ ಮೇಲೆಯೇ ಸೈರನ್ ಕೂಗಿತು. ಆ ದಿನ ಅದು ತಡವಾಗಿ ಕೂಗಿತೆಂದು ಈಗಲೂ ಹೇಳುವವರಿದ್ದಾರೆ. ನನಗೇನು ಗೊತ್ತು? ನಾನು ವಾಚು ಕಟ್ಟಿರಲಿಲ್ಲ.

ಬೆಂಚುಗಳು ಟ್ರ್ಯಾಕ್ಟರಿನಲ್ಲಿ ಬಂದವು. ಗೆಳೆಯನೂ ಅದರಲ್ಲೇ ಬಂದಿದ್ದ. ಮಕ್ಕಳೆಲ್ಲ ಕೂತ ಮೇಲೆ ಅವನು ಹಿಂದಿನ ಬೆಂಚಿನ ತುದಿಯಲ್ಲಿ ಹೊಟ್ಟೆ ತೂರಿಸಿ ಕೂತು, ಎರಡೂ ಕೈಯಿಂದ ಹಲಗೆಯನ್ನು ಸವರಿದ. ನಾಲ್ಕನೇ ಕ್ಲಾಸಿನಲ್ಲಿ ಇದೇ ಕೋಣೆಯ ನೆಲದ ಮೇಲೆ ನಾವಿಬ್ಬರೂ ಒತ್ತಾಗಿ ಕೂತಿದ್ದವರು. ಆ ವರ್ಷ ಅವನ ಅಪ್ಪ ತೀರಿಕೊಂಡರು. ಮಾರನೆಯ ವಾರ ಅವನು ಹೊಲಿಗೆ ಅಂಗಡಿಗೆ ಸೇರಿದ. ಆಮೇಲೆ ಶಾಲೆಯ ಮಾತನ್ನು ಒಮ್ಮೆಯೂ ಎತ್ತಿರಲಿಲ್ಲ. ಇಷ್ಟು ವರ್ಷ ಜೊತೆಗಿದ್ದೂ ನಾನು ಅದನ್ನು ಯೋಚಿಸಿಯೇ ಇರಲಿಲ್ಲವೆಂದು ನನಗೆ ನಾಚಿಕೆಯಾಯಿತು.

ಹಾಜರಿ ಪುಸ್ತಕ ತೆರೆದು ಮಕ್ಕಳ ಹೆಸರುಗಳನ್ನು ಕೂಗಿದೆ. ಪಟ್ಟಿ ಮುಗಿದ ಮೇಲೆ, ಅದರಲ್ಲಿಲ್ಲದ ಅವನ ಹೆಸರನ್ನೂ ಕೂಗಿದೆ. ಮಕ್ಕಳು ಕಿಸಕ್ಕೆಂದು ನಕ್ಕರು. ಅವನು ನಗಲಿಲ್ಲ. ಕಷ್ಟಪಟ್ಟು ಎದ್ದು, ಕೈ ಕಟ್ಟಿ ನಿಂತು, "ಬಂದಿವ್ನಿ ಸಾ" ಎಂದ.